ಜೀವಂತ ಪ್ರಕರಣ

ನಾನು ವಕೀಲರ ಕೋಟು ಹೊಲಿಯುವವಳು. ಕೋರ್ಟಿನ ಹಿಂದಿನ ಬೀದಿಯಲ್ಲಿ ನನ್ನ ಅಂಗಡಿ. ಯಾವ ವಕೀಲನ ಹೊಟ್ಟೆ ಯಾವ ಮೊಕದ್ದಮೆ ತಿಂದು ಎಷ್ಟು ಬೆಳೆಯಿತು ಎಂಬುದು ನನ್ನ ಟೇಪಿಗೆ ಗೊತ್ತು. ಹೀಗಾಗಿ ಕಾನೂನಿನ ಮೇಲೆ ನನಗೆ ಭಯವೂ ಇಲ್ಲ, ಭಕ್ತಿಯೂ ಇಲ್ಲ. ಎರಡೂ ಇದ್ದದ್ದು ನನ್ನ ಅಕ್ಕನಿಗೆ. ಹೆರಿಗೆ ವಾರ್ಡಿನಲ್ಲಿ ನರ್ಸಾಗಿ ತಲೆ ನರೆಸಿಕೊಂಡವಳು ಅವಳು. ದೊಡ್ಡವರು ಬರೆದುಕೊಟ್ಟ ಮದ್ದು ಸರಿಯಾಗೇ ಇರುತ್ತದೆ ಎಂದು ನಂಬಿ ಬದುಕಿದ್ದಳು. ನಿವೃತ್ತಿಯಾದ ಮೇಲೆ ನನ್ನ ಅಂಗಡಿಯಲ್ಲೇ ಕೂರುತ್ತಿದ್ದಳು. ನಾನು ಅಳತೆ ಹಿಡಿದು ಕೂಗುತ್ತಿದ್ದೆ, ಅವಳು ಅದನ್ನು ತಿರುಗಿ ಕೂಗಿ ಬರೆದುಕೊಳ್ಳುತ್ತಿದ್ದಳು. ಹಾಗೆ ತಿರುಗಿ ಕೂಗಿದರೆ ತಪ್ಪಾಗುವುದಿಲ್ಲ.

ಅಕ್ಕನಿಗೆ ಇದ್ದದ್ದು ಒಬ್ಬಳೇ ಮಗಳು. ಅವಳು ಹೆತ್ತವಳೇ ಹಾಸಿಗೆ ಹಿಡಿದಳು. ಕೂಸನ್ನು ಸಾಕಿದ್ದು ಅಕ್ಕ, ಅದಕ್ಕೆ ಗುಬ್ಬಿ ಎಂದು ಹೆಸರಿಟ್ಟದ್ದೂ ಅಕ್ಕ. ಮಗಳು ತೀರಿಕೊಂಡು ಸ್ವಲ್ಪ ಕಾಲಕ್ಕೆ ಅಳಿಯ ಇನ್ನೊಂದು ಮದುವೆಯಾಗಿ ಮಗುವನ್ನು ಕರೆದುಕೊಂಡು ಹೋದ. ಅವನೇನು ರಾಕ್ಷಸನಲ್ಲ. ಡ್ರೈವಿಂಗ್ ಸ್ಕೂಲ್ ನಡೆಸುತ್ತಾನೆ. ಕಲಿಯುವವರ ಪಕ್ಕದಲ್ಲಿ ಕೂತು ಸದಾ ಬ್ರೇಕಿನ ಮೇಲೆ ಕಾಲಿಟ್ಟಿರುವ ಜೀವ. ಅಕ್ಕ ದಿನಾ ಅವನ ಮನೆಗೆ ಹೋಗಿ, ಹಾಲು ಬಿಸಿ ಜಾಸ್ತಿ, ಜಡೆ ಬಿಗಿ ಜಾಸ್ತಿ ಎಂದು ಹೊಸ ಹೆಂಡತಿಗೆ ಪಾಠ ಹೇಳಿದಳು. ಅವನು ಹಲ್ಲು ಕಚ್ಚಿಕೊಂಡು ಸಹಿಸಿದ. ಒಂದು ದಿನ ಅಕ್ಕ ಮಗುವಿನ ಎದುರಿಗೇ, "ನಿಮ್ಮಮ್ಮನ್ನ ಸರಿಯಾಗಿ ನೋಡ್ಕೊಳ್ದೆ ಕೊಂದೋನು ಇವನೇ" ಎಂದುಬಿಟ್ಟಳು. ಅವತ್ತು ಅವನು ಬಾಗಿಲು ಹಾಕಿದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಗುಬ್ಬಿಗೆ ಆಗ ನಾಲ್ಕು ವರ್ಷ.

ಸರ್ಕಾರ ಅದೇ ಹೊತ್ತಿಗೆ ಕೌಟುಂಬಿಕ ಕಾನೂನು ಸುಧಾರಣಾ ಸಲಹಾ ಮಂಡಳಿ ಎಂಬುದೊಂದನ್ನು ಮಾಡಿತ್ತು. ಆ ಹೆಸರನ್ನು ಹೇಳಿ ಮುಗಿಸುವಷ್ಟರಲ್ಲಿ ಒಂದು ಸಂಸಾರ ಒಡೆದು ಎರಡಾಗಿರುತ್ತದೆ. ಅದರ ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ನನ್ನ ಹಳೇ ಗಿರಾಕಿ. ಎಡಭುಜ ಬಲಕ್ಕಿಂತ ಇಳಿಜಾರು. ಒಳಗೆ ಹತ್ತಿ ಇಟ್ಟು ನಾನೇ ಅದನ್ನು ಸಮ ಮಾಡಿ ಕೊಡುತ್ತಿದ್ದೆ. ಅಳತೆಗೆ ನಿಂತಾಗ ಅಕ್ಕನ ಕತೆ ಕೇಳಿ ಅವರ ಕಣ್ಣು ಒದ್ದೆಯಾಯಿತು.

"ಅಜ್ಜಿ ತಾತಂದಿರಿಗೆ ಮೊಮ್ಮಕ್ಕಳನ್ನ ನೋಡೋ ಹಕ್ಕು ನಮ್ಮ ಕಾನೂನಲ್ಲಿ ಎಲ್ಲೂ ಇಲ್ಲಮ್ಮ. ನಾವೀಗ ಅದನ್ನೇ ಬರೀತಿದೀವಿ. ಅವರನ್ನ ಕಳಿಸಿ," ಎಂದರು.

ಮಂಡಳಿ ಕೂರುತ್ತಿದ್ದದ್ದು ಒಂದು ಹಳೇ ಕಚೇರಿಯ ಮೇಲಿನ ಮಹಡಿಯಲ್ಲಿ. ಉದ್ದನೆಯ ಮೇಜು, ಅದರ ಮೇಲೆ ಇಂಕಿನ ಕಲೆ ಬಿದ್ದ ಹಸಿರು ಬಟ್ಟೆ, ತಲೆಯಾಡಿಸುವ ಫ್ಯಾನು, ಅದರ ಜೊತೆಗೇ ತಲೆಯಾಡಿಸುವ ಸದಸ್ಯರು. ಅಧ್ಯಕ್ಷರನ್ನು ಬಿಟ್ಟರೆ ಅಲ್ಲಿ ಬಾಯಿ ಇದ್ದದ್ದು ಒಬ್ಬರಿಗೇ, ಕಾನೂನು ಕಾಲೇಜಿನ ಪ್ರೊಫೆಸರಮ್ಮನಿಗೆ. ಅವರು ಬಿಸ್ಕತ್ತನ್ನು ಟೀಯಲ್ಲಿ ಅದ್ದಿ, ಅದು ಮುರಿದು ಬೀಳುವುದರೊಳಗೆ ಒಂದು ಸಮಾಜವನ್ನು ತಿದ್ದಿಬಿಡುತ್ತಿದ್ದರು.

ಅಧ್ಯಕ್ಷರದ್ದು ಒಂದು ಪದ್ಧತಿ, ಅದರ ಮೇಲೆ ಅವರಿಗೆ ಎಲ್ಲಿಲ್ಲದ ಹೆಮ್ಮೆ. ಕಾಯ್ದೆಯ ಯಾವ ಕಲಮನ್ನೂ ಬರೀ ಪುಸ್ತಕ ನೋಡಿ ಬರೆಯಬಾರದು. ಆ ಕಷ್ಟದಲ್ಲಿರುವ ಒಬ್ಬರನ್ನು ಮೇಜಿಗೆ ಕರೆದು, ಸಾಲು ಸಾಲಾಗಿ ಓದಿ ಹೇಳಿ, "ಇದರಿಂದ ನಿಮಗೆ ಉಪಯೋಗ ಆಗುತ್ತಾ?" ಎಂದು ಕೇಳಬೇಕು. ಹಾಗೆ ಕರೆಸಿಕೊಂಡವರನ್ನು ಅವರು 'ಜೀವಂತ ಪ್ರಕರಣ' ಎನ್ನುತ್ತಿದ್ದರು. ಅದಕ್ಕೊಂದು ನಿಯಮವೂ ಇತ್ತು. ಕಷ್ಟ ತೀರಿದವರು ಜೀವಂತ ಪ್ರಕರಣವಲ್ಲ, ಅವರನ್ನು ವರದಿಯಿಂದ ಕೈಬಿಡಬೇಕು. ತಣ್ಣಗಾದವರಿಗೆ ಬಿಸಿ ಗೊತ್ತಿರುವುದಿಲ್ಲವಂತೆ. ನಾನು ಗೋಡೆಗೆ ತಾಗಿದ ಕುರ್ಚಿಯಲ್ಲಿ ಕೂತು ಇದನ್ನೆಲ್ಲ ಕೇಳಿ, ಈ ಮನುಷ್ಯನ ತಲೆಗೂ ಸ್ವಲ್ಪ ಹತ್ತಿ ಇಡಬೇಕಿತ್ತು ಎಂದುಕೊಂಡೆ.

ಅಕ್ಕ ಮಾತ್ರ ಅರಳಿದಳು. ಎಷ್ಟೋ ದಿನದಿಂದ ಯಾರೂ ಅವಳನ್ನು ಏನೂ ಕೇಳಿರಲಿಲ್ಲ. ಇಲ್ಲಿ ನ್ಯಾಯಾಧೀಶರೇ ಎದ್ದು ನಿಂತು ಕುರ್ಚಿ ತೋರಿಸುತ್ತಿದ್ದರು. ಸಭೆ ಇದ್ದ ದಿನ ಬೆಳಗ್ಗೆಯೇ ಇಸ್ತ್ರಿ ಬಟ್ಟೆ ಉಟ್ಟು, ಕೈಗಡಿಯಾರ ಕಟ್ಟಿ, ಡ್ಯೂಟಿಗೆ ಹೊರಟವಳಂತೆ ಕಾಯುತ್ತಿದ್ದಳು.

ಒಂದು ಸಭೆಯಲ್ಲಿ ಪ್ರೊಫೆಸರಮ್ಮ ಓದಿದರು: ಮಗುವಿನ ಹಿತಕ್ಕೆ ಅನುಗುಣವಾಗಿ ನ್ಯಾಯಾಲಯವು ಅಜ್ಜ ಅಜ್ಜಿಯರಿಗೆ ಭೇಟಿಯ ಅವಕಾಶ ನೀಡಬಹುದು.

"ಹಿತ ಅಂತ ಯಾರು ಹೇಳೋದು?" ಎಂದಳು ಅಕ್ಕ.

"ನ್ಯಾಯಾಧೀಶರು."

"ಅವರೇನು ಮಗು ಸಾಕಿದಾರಾ? ಮಗೂನೇ ಕೇಳ್ಬೇಕು. ಮಗು ಬೇಕು ಅಂದ್ರೆ ಯಾವ ಅಪ್ಪನೂ ಬೇಡ ಅನ್ನೋ ಹಾಗಿರ್ಬಾರ್ದು."

"ಮಗು ಬೇಡ ಅಂದ್ರೆ?" ಪ್ರೊಫೆಸರಮ್ಮ ಬಿಸ್ಕತ್ತು ಅದ್ದುವುದನ್ನು ನಿಲ್ಲಿಸಿದರು.

ಅಕ್ಕ ನಕ್ಕಳು. ಆ ನಗು ನೆನಪಾದರೆ ನನಗೆ ಈಗಲೂ ಮೈ ಉರಿಯುತ್ತದೆ. "ಬೇಡ ಅಂದ್ರೆ ಅಲ್ಲಿಗೆ ಮುಗೀತು. ಒಂದೇ ಸಲ ಕೇಳ್ಬೇಕು. ಪದೇ ಪದೇ ಕೋರ್ಟಿಗೆ ಕರ್ಸಿ ಮಗೂನ ಹಿಂಡಬಾರ್ದು. ಆದ್ರೆ ಮಗು ಬೇಡ ಅನ್ನಲ್ಲ ಮೇಡಂ. ನನ್ನ ಕೈಮೇಲೆ ಎಷ್ಟು ಮಕ್ಕಳು ಹುಟ್ಟಿದಾವೆ ಅಂತ ಲೆಕ್ಕ ಇಟ್ಟಿಲ್ಲ. ಮಕ್ಕಳು ಎಲ್ಲಾ ಮರೀತವೆ, ಮಡಿಲು ಮರೆಯಲ್ಲ."

ಅಧ್ಯಕ್ಷರು ಮೇಜು ಕುಟ್ಟಿದರು. "ಇದು! ಇದಕ್ಕೇ ನಾನು ಜೀವಂತ ಪ್ರಕರಣ ಬೇಕು ಅನ್ನೋದು! ಮಗುವಿನ ಮಾತೇ ಅಂತಿಮ, ಒಂದೇ ಸಲ ಕೇಳಬೇಕು. ಬರ್ಕೊಳ್ಳಿ, ಅವರ ಮಾತಲ್ಲೇ ಬರ್ಕೊಳ್ಳಿ." ತಲೆಯಾಡಿಸುವವರು ಅಷ್ಟು ದಿನದಲ್ಲಿ ಮೊದಲ ಬಾರಿಗೆ ಚಪ್ಪಾಳೆ ತಟ್ಟಿದರು.

ಮೆಟ್ಟಿಲು ಇಳಿಯುವಾಗ ನಾನು ಕೇಳಿದೆ, "ಅಲ್ಲ ಕಣೇ, ಗುಬ್ಬಿ ನಿನ್ನ ನೋಡಿ ಎಷ್ಟು ದಿನ ಆಯ್ತು? ಅದು ನಿನ್ನ ಮುಖಾನೇ ಮರೆತಿದ್ರೆ?"

"ನೀನು ಹೆತ್ತಿಲ್ಲ, ನಿನಗೆ ಗೊತ್ತಾಗಲ್ಲ," ಎಂದಳು. ಇಂಥ ಮಾತನ್ನು ಒಡಹುಟ್ಟಿದವರು ಮಾತ್ರ ಅಷ್ಟು ಸಲೀಸಾಗಿ ಆಡಬಲ್ಲರು.

ಆ ವರ್ಷವೇ ಅಳಿಯನ ಹೊಸ ಹೆಂಡತಿ ಅಂಗಡಿಗೆ ಬಂದಳು. ಸಣ್ಣ ದನಿಯ ಹುಡುಗಿ, ಸದಾ ಯಾರಿಂದಲೋ ಕ್ಷಮೆ ಕೇಳುತ್ತಿರುವ ಮುಖ. ಅಕ್ಕ ಒಳಗಿನ ಕೋಣೆಯಲ್ಲಿದ್ದಳು. ಹುಡುಗಿ ಗುಬ್ಬಿಯ ಸ್ಕೂಲ್ ಯೂನಿಫಾರಂ ಮೇಜಿನ ಮೇಲಿಟ್ಟು, "ಗಿಡ್ಡ ಆಗಿದೆ ಚಿಕ್ಕಮ್ಮ, ಅಂಚು ಬಿಚ್ಚಿ ಉದ್ದ ಮಾಡಿಕೊಡಿ," ಎಂದಳು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಇಲ್ಲಿಗೆ ಬಂದಿದ್ದು ಅವರಿಗೆ ಗೊತ್ತಿಲ್ಲ. ಆದ್ರೆ ಒಂದು ವಿಷಯಕ್ಕೆ ಒಪ್ಪಿಸಿದೀನಿ. ತಿಂಗಳಿಗೊಂದು ಭಾನುವಾರ, ಪಾರ್ಕಲ್ಲಿ, ಅವರ ಎದುರಿಗೆ. ಅರ್ಧ ಗಂಟೆ. ಅಮ್ಮ ಒಪ್ಕೋತಾರಾ?"

ಅವಳು ಹೋದ ಮೇಲೆ ಅಕ್ಕ ಹೊರಗೆ ಬಂದು ಆ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡಳು. ಬಹಳ ಹೊತ್ತು ತೆಗೆಯಲಿಲ್ಲ. ಆಮೇಲೆ, "ಸೋಪು ಬದಲಾಯಿಸಿದಾಳೆ," ಎಂದಳು.

ಒಪ್ಪಿಕೊಳ್ಳಬೇಕೆಂದೇ ಅವಳ ಮನಸ್ಸಿನಲ್ಲಿತ್ತು, ಅದು ನನಗೆ ಚೆನ್ನಾಗಿ ಗೊತ್ತು. ಆದರೆ ಮಂಡಳಿಗೊಂದು ಮಾತು ಹೇಳದೆ ಹೇಗೆ ಎಂದಳು. ಹೋಗಿ ಹೇಳಿದಳು. ಮೇಜಿನ ಸುತ್ತ ಎಲ್ಲರ ಮುಖ ಜೋತುಬಿತ್ತು, ಸಾವಿನ ಸುದ್ದಿ ಕೇಳಿದ ಹಾಗೆ.

"ನಾವು ಬೇಡ ಅಂತ ಹೇಳಲ್ಲ," ಎಂದರು ಪ್ರೊಫೆಸರಮ್ಮ. "ಅದು ನಿಮ್ಮಿಷ್ಟ. ಆದ್ರೆ ರಾಜಿ ಆದ್ರೆ ನಿಮ್ಮದು ಇತ್ಯರ್ಥ ಆದ ಹಾಗೆ. ನಿಮ್ಮನ್ನ ಕೈಬಿಡಬೇಕಾಗುತ್ತೆ. ಈ ಕಲಮಿಗೆ ಇರೋದು ನಿಮ್ಮ ಪ್ರಕರಣ ಒಂದೇ. ನೀವಿಲ್ಲ ಅಂದ್ರೆ ಕಲಮೂ ಇಲ್ಲ."

"ಭಿಕ್ಷೆಯ ಅರ್ಧ ಗಂಟೆ ಯಾಕೆ ತಾಯಿ?" ಎಂದರು ಅಧ್ಯಕ್ಷರು, ಕಣ್ಣು ಒದ್ದೆ ಮಾಡಿಕೊಂಡು. ಅವರ ಕಣ್ಣು ನಲ್ಲಿಯಂತೆ, ತಿರುಗಿಸಿದರೆ ಸಾಕು. "ಸ್ವಲ್ಪ ತಾಳ್ಕೊಳಿ. ಹಕ್ಕಾಗಿ ತಗೊಳ್ಳೋರಂತೆ. ನಿಮ್ಮೊಬ್ಬರಿಗಲ್ಲ, ಎಲ್ಲಾ ಅಜ್ಜಿಯರಿಗೂ."

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಇಲಿಯೇ ಬೆಕ್ಕಿಗೆ ಕೈಮುಗಿದು ಕೂತಿತ್ತು. ಮನೆಗೆ ಬಂದು ನಾನು ಗಂಟಲು ಹರಿಯುವಂತೆ ಕಿರುಚಿದೆ. ಕೈಗೆ ಬಂದ ತುತ್ತನ್ನು ಚೆಲ್ಲಬೇಡ ಎಂದೆ. ಊರಿನ ಅಜ್ಜಿಯರೆಲ್ಲ ಹಾಳಾಗಿ ಹೋಗಲಿ, ನೀನು ಭಾನುವಾರ ಪಾರ್ಕಿಗೆ ಹೋಗು ಎಂದೆ. ಅಕ್ಕ ಅಂಗಿಯ ಅಂಚನ್ನು ತಾನೇ ಬಿಚ್ಚುತ್ತಾ ಕೂತಿದ್ದಳು. "ಅವನ ಎದುರಿಗೆ, ಕಳ್ಳಿ ಥರ, ಅರ್ಧ ಗಂಟೆ. ಮಗು ನನ್ನನ್ನ ಏನು ಅಂದ್ಕೊಳ್ಳುತ್ತೆ? ಕಾನೂನು ಬರ್ಲಿ. ತಲೆ ಎತ್ತಿ ಹೋಗ್ತೀನಿ," ಎಂದಳು. ಬೇಡ ಎಂದು ಹೇಳಿ ಕಳಿಸಿದಳು. ಅಳಿಯ, "ನಾನು ಬಗ್ಗಿದ್ದೇ ತಪ್ಪು" ಎಂದನಂತೆ. ಆ ಮನೆಯ ಬಾಗಿಲು ಮತ್ತೆ ತೆರೆಯಲಿಲ್ಲ.

ಕಾನೂನು ಬಂತು, ಆದರೆ ತನ್ನ ಪುರುಸೊತ್ತಿನಲ್ಲಿ. ಮಂಡಳಿಯ ಅವಧಿ ಮುಗಿಯಿತು, ಮುಂದುವರಿಯಿತು, ಮತ್ತೆ ಮುಂದುವರಿಯಿತು. ಪ್ರೊಫೆಸರಮ್ಮನ ಕೂದಲು ಬಿಳಿಯಾಯಿತು, ಆಮೇಲೆ ಕಪ್ಪಾಯಿತು. ಅಧ್ಯಕ್ಷರಿಗೆ ನಾನು ಎರಡು ಹೊಸ ಕೋಟು ಹೊಲಿದೆ. ಕೊನೆಗೆ ದೊಡ್ಡ ಸಭಾಂಗಣದಲ್ಲಿ ವರದಿ ಬಿಡುಗಡೆಯಾಯಿತು. ವರದಿಯಲ್ಲಿ ಯಾರ ಹೆಸರೂ ಇರಲಿಲ್ಲ, ಅದು ಅವರ ಶಿಸ್ತು. ಆದರೆ ಭಾಷಣದ ಭರದಲ್ಲಿ ಅಧ್ಯಕ್ಷರು, "ಆ ಮಹಾತಾಯಿ ಇಲ್ಲೇ ಇದ್ದಾರೆ!" ಎಂದು ಅಕ್ಕನನ್ನು ಎಬ್ಬಿಸಿ ನಿಲ್ಲಿಸಿದರು. ಕ್ಯಾಮೆರಾಗಳು ಮಿಂಚಿದವು. ಮಾರನೇ ದಿನ ಪೇಪರಿನಲ್ಲಿ ಅವಳ ಮುಖ, ಕೆಳಗೆ ಮಡಿಲಿನಿಂದ ಮಗು ಕಿತ್ತ ತಂದೆಯ ಕತೆ. ಅವನ ಹೆಸರಿರಲಿಲ್ಲ. ಆದರೆ ಅವನ ಅತ್ತೆ ಯಾರೆಂದು ಅವನ ಬೀದಿಗೆಲ್ಲ ಗೊತ್ತಿತ್ತು.

ಅಂಚು ಬಿಚ್ಚಿಸಲು ಹೊಸ ಹೆಂಡತಿ ಮಾತ್ರ ಗಂಡನಿಗೆ ತಿಳಿಯದಂತೆ ಬರುತ್ತಲೇ ಇದ್ದಳು. ಮುಂದಿನ ಸಲ ಯೂನಿಫಾರಂ ತಂದಾಗ ಹೇಳಿದಳು, "ಡ್ರೈವಿಂಗ್ ಸ್ಕೂಲಿಗೆ ಜನ ಕಮ್ಮಿ ಆದ್ರು ಚಿಕ್ಕಮ್ಮ. ಅದು ಹೋಗ್ಲಿ. ಕ್ಲಾಸಲ್ಲಿ ಇವಳನ್ನ ಕದ್ದ ಮಾಲು ಅಂತ ಕರೀತಾರೆ. ಬೆಳಗಾದ್ರೆ ಸ್ಕೂಲಿಗೆ ಹೋಗಲ್ಲ ಅಂತ ಅಳ್ತಾಳೆ." ನಾನು ಅದನ್ನು ಅಕ್ಕನಿಗೆ ಹೇಳಿದೆ. "ಅಯ್ಯೋ ಕೂಸೇ," ಎಂದಳು. "ನಾನು ಕೋರ್ಟಲ್ಲಿ ಸಿಕ್ಕಾಗ ಎಲ್ಲಾ ಬಿಡಿಸಿ ಹೇಳ್ತೀನಿ" ಎಂದೂ ಸೇರಿಸಿದಳು.

ವರದಿ ಕಾಯ್ದೆಯಾಯಿತು. ಹೊಸ ಕಲಮಿನ ಕೆಳಗೆ ಮೊದಲ ಅರ್ಜಿ ಅಕ್ಕನದೇ. ಕೌಟುಂಬಿಕ ನ್ಯಾಯಾಲಯದ ಹಿಂದಿನ ಕೋಣೆ. ಗೋಡೆಯ ಮೇಲೆ ಬಣ್ಣದ ಆನೆಗಳು, ಮೂಲೆಯಲ್ಲಿ ಗಾಲಿ ಕಳಚಿದ ಆಟಿಕೆ ರೈಲು. ನನ್ನನ್ನು ಒಳಗೆ ಬಿಡಲಿಲ್ಲ. ಆದರೆ ಬಾಗಿಲಿನ ಚಿಲಕ ಕೆಟ್ಟಿತ್ತು, ಸಂದಿನಲ್ಲಿ ಎಲ್ಲ ಕಾಣುತ್ತಿತ್ತು. ಗುಬ್ಬಿ ಉದ್ದವಾಗಿದ್ದಳು, ನಾನು ಬಿಚ್ಚಿಕೊಟ್ಟ ಅಂಚುಗಳಷ್ಟೂ ಉದ್ದ. ಅಕ್ಕ ಅವಳನ್ನು ನೋಡಿ ಎರಡೂ ಕೈ ಚಾಚಿದಳು. ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದು ನ್ಯಾಯಾಧೀಶೆಯ ಕುರ್ಚಿಗೆ ತಾಗಿ ನಿಂತಳು.

"ಇವರು ಯಾರು ಗೊತ್ತಾ ಪುಟ್ಟಿ?" ನ್ಯಾಯಾಧೀಶೆ ಒಳ್ಳೆಯ ಹೆಂಗಸು, ಮೆಲ್ಲಗೆ ಕೇಳಿದರು.

"ಗೊತ್ತು. ಪೇಪರಲ್ಲಿ ಬಂದಿದ್ರಲ್ಲ. ನಮ್ಮಪ್ಪನ್ನ ಕೆಟ್ಟೋರು ಅಂತ ಮಾಡಿದ್ರು."

"ಗುಬ್ಬೀ, ನಾನು ಕಣೆ," ಎಂದಳು ಅಕ್ಕ. "ನನ್ನ ಮಡಿಲಲ್ಲೇ ಅಲ್ವೇನೆ ನೀನು..."

"ನನ್ನ ಹೆಸರು ಗುಬ್ಬಿ ಅಲ್ಲ."

ನ್ಯಾಯಾಧೀಶೆ ಕೇಳಲೇಬೇಕಾದ ಪ್ರಶ್ನೆಯನ್ನು, ಕೇಳಲೇಬೇಕಾದ ಮಾತಿನಲ್ಲಿ, ಒಂದೇ ಸಲ ಕೇಳಿದರು. ಹುಡುಗಿ ತಡವರಿಸಲಿಲ್ಲ. "ಬೇಡ."

ಗುಬ್ಬಿಯನ್ನು ಹೊರಗೆ ಕಳಿಸಿದ ಮೇಲೆ ನ್ಯಾಯಾಧೀಶೆ ಕನ್ನಡಕ ತೆಗೆದಿಟ್ಟರು. "ಅಮ್ಮಾ, ಹಳೇ ಕಾಯ್ದೆಯಲ್ಲಿ ನಿಮಗೆ ಹಕ್ಕಿರಲಿಲ್ಲ, ಆದ್ರೆ ನನಗೆ ವಿವೇಚನೆ ಅಂತ ಒಂದಿತ್ತು. ಒಂದಷ್ಟು ವಾರ ಸುಮ್ನೆ ಜೊತೇಲಿ ಕೂತ್ಕೊಳಿ, ಆಮೇಲೆ ಮತ್ತೆ ಕೇಳೋಣ ಅಂತಿದ್ದೆ. ಈಗ ಹಾಗನ್ನೋಕಾಗಲ್ಲ. ಇನ್ನೊಂದು ಸಲ ಕೇಳೋ ಹಾಗೂ ಇಲ್ಲ, ನೀವಾಗಿ ಹೋಗಿ ನೋಡೋ ಹಾಗೂ ಇಲ್ಲ. ಇದನ್ನ ಯಾರು ಬರೆದ್ರೋ, ಒಂದು ಸಂದು ಕೂಡ ಬಿಟ್ಟಿಲ್ಲ."

ಅಕ್ಕ ಎದ್ದು ನಿಂತಳು. "ಮಗೂಗೆ ತೊಂದರೆ ಆಗ್ಬಾರ್ದು ಅಂತ ಬರ್ದಿದಾರೆ," ಎಂದಳು.

ಸಂಜೆ ಅಧ್ಯಕ್ಷರ ಫೋನು. ಅಕ್ಕ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳು. "ಕೇಳ್ದೆ ತಾಯಿ, ಕೇಳ್ದೆ! ಫಲ ನಿಮ್ಮ ಕಡೆ ಆಗ್ಲಿಲ್ಲ, ಬೇಜಾರು. ಆದ್ರೆ ನೋಡಿ, ವರ್ಷಗಟ್ಟಲೆ ಎಳೆಯೋ ವಿಷಯ ಒಂದೇ ಬೆಳಗ್ಗೆ ಮುಗೀತು! ಮಗುವಿನ ಮಾತು ನಡೀತು! ಕಲಂ ಕೆಲಸ ಮಾಡ್ತು!"

"ಸಾರ್, ಆ ಒಂದೇ ಸಲ ಅನ್ನೋದನ್ನ ತಿದ್ದೋಕಾಗುತ್ತಾ?" ಅಕ್ಕ ಕೇಳಿದಳು. "ಎರಡು ಸಲ ಅಂತ?"

ಆ ಕಡೆ ಟೀ ಲೋಟ ಕೆಳಗಿಟ್ಟ ಸದ್ದು. "ಮಂಡಳಿ ಈಗ ಆಸ್ತಿ ಹಂಚಿಕೆ ವಿಷಯ ತಗೊಂಡಿದೆ ತಾಯಿ. ಅಲ್ಲದೆ ನಿಮ್ಮದೀಗ ಇತ್ಯರ್ಥ ಆದ ಪ್ರಕರಣ. ಪದ್ಧತಿ ನಿಮಗೇ ಗೊತ್ತಲ್ಲ, ನಿಮ್ಮನ್ನ ಕರೆಸೋ ಹಾಗಿಲ್ಲ." ಕಲಿತ ಬಾಯಿಗೆ ಎಷ್ಟು ಸುಲಭ! ಆ ಮನುಷ್ಯ ಮುಂದಿನ ಕೋಟಿಗೆ ಬಂದಾಗ ಭುಜದ ಹತ್ತಿ ತೆಗೆದೆ. ಈಗ ಓರೆಯಾಗಿ ಓಡಾಡುತ್ತಾರೆ. ನನ್ನಿಂದ ಆದ ಶಿಕ್ಷೆ ಅಷ್ಟೇ.

ಅದಾದ ಮೇಲೆ ಒಂದು ಮಧ್ಯಾಹ್ನ ಹೊಸ ಹೆಂಡತಿ ಫೋನ್ ಮಾಡಿದಳು. "ಚಿಕ್ಕಮ್ಮ, ಇವಳಿಗೆ ಹೊಸ ಯೂನಿಫಾರಂ ಹೊಲಿಸ್ಬೇಕು. ಅಳತೆಗೆ ಇವಳನ್ನೇ ಕರ್ಕೊಂಡು ಬರ್ತೀನಿ. ಅಮ್ಮ ಒಳಗೆ ಕೂತಿರ್ಲಿ. ಪರದೆ ಹಿಂದಿಂದ ನೋಡ್ಲಿ. ಆದ್ರೆ ದನಿ ಕೇಳಿಸ್ಬಾರ್ದು, ಇವಳು ಗುರುತು ಹಿಡೀತಾಳೆ." ಮಂಡಳಿಗಿಂತ ಈ ಹೊಸ ಹೆಂಡತಿ ಬರೆಯುವ ಕಾನೂನೇ ವಾಸಿ.

ಗುಬ್ಬಿ ಬಂದು ಕನ್ನಡಿಯ ಮುಂದೆ ಕೈ ಅಗಲಿಸಿ ನಿಂತಳು. ನಾನು ಯಾರೆಂದು ಅವಳಿಗೆ ತಿಳಿಯದು. ಅವಳ ಬೆನ್ನಿಗೆ ಟೇಪು ಹಿಡಿದೆ. "ಭುಜ ಹನ್ನೆರಡೂವರೆ," ಎಂದು ಕೂಗಿದೆ. ಪರದೆಯ ಹಿಂದಿನಿಂದ ತಿರುಗಿ ಕೂಗು ಬರಲಿಲ್ಲ. ಅಭ್ಯಾಸ ನೋಡಿ, ಕಾದು, ನಾನೇ ಇನ್ನೊಂದು ಸಲ ಕೂಗಿದೆ. "ಭುಜ ಹನ್ನೆರಡೂವರೆ."

"ಒಳಗಿರೋರಿಗೆ ಕಿವಿ ಕೇಳ್ಸಲ್ವಾ?" ಎಂದಳು ಗುಬ್ಬಿ, ನಗುತ್ತಾ. ಅವಳ ಹೆತ್ತ ತಾಯಿಯದೇ ನಗು, ಮೊದಲು ಒಂದು ಕೆನ್ನೆಯಲ್ಲಿ ಶುರುವಾಗುವಂಥದ್ದು.

"ಕೇಳ್ಸುತ್ತೆ. ಮಾತು ಕಮ್ಮಿ," ಎಂದೆ.

ಅವಳಿಗೆ ನನ್ನ ಅಂಗಡಿ ಹಿಡಿಸಿತು. ಕಪ್ಪು ಕೋಟುಗಳನ್ನು ಮುಟ್ಟಿ ನೋಡಿದಳು. "ನಾನೂ ಕೋರ್ಟಿಗೆ ಹೋಗಿದ್ದೆ ಗೊತ್ತಾ? ಜಡ್ಜು ನನ್ನೊಬ್ಬಳನ್ನೇ ಕೇಳಿದ್ರು, ಅಪ್ಪನ್ನೂ ಕೇಳ್ಲಿಲ್ಲ. ನಾನು ಬೇಡ ಅಂದೆ, ಮುಗೀತು. ಇನ್ನು ಯಾರೂ ಬಂದು ಕೇಳೋ ಹಾಗೇ ಇಲ್ಲ. ನಮ್ಮ ಟೀಚರ್ ಹೇಳಿದ್ರು, ಆ ಕಾನೂನು ಬರ್ದೋರಿಗೆ ಮಕ್ಕಳು ಅಂದ್ರೆ ತುಂಬಾ ಪ್ರೀತಿ ಇರ್ಬೇಕು ಅಂತ."

"ಇರ್ಬೇಕು," ಎಂದೆ. ಹೊಸ ಹೆಂಡತಿ ಗೋಡೆಯ ಕಡೆ ತಿರುಗಿ ನಿಂತಿದ್ದಳು. "ತೋಳು ಹದಿನೇಳು." ಕಾದೆ. "ತೋಳು ಹದಿನೇಳು."

ಅವರು ಹೋದ ಮೇಲೆ ಅಕ್ಕ ಹೊರಗೆ ಬಂದಳು. ಅಳತೆ ಎಲ್ಲ ಸರಿಯಾಗಿ ಬರೆದಿದ್ದಳು. ಕಣ್ಣು ಕೆಂಪಗಿದ್ದವು, ಆದರೆ ಮುಖದಲ್ಲಿ ಬಹಳ ದಿನದಿಂದ ಇಲ್ಲದ ಒಂದು ಕಳೆ. "ವರ್ಷಕ್ಕೊಂದು ಸಲ ಅಳತೆಗೆ ಬರ್ತಾಳಲ್ವೇನೆ?" ಎಂದಳು. "ಅಷ್ಟು ಸಾಕು."

ಅವಳು ಸಾಕು ಎಂದಳು. ಸಾಕೆನಿಸದೆ ಹೋದದ್ದು ನನಗೆ. ಒಂದು ವರ್ಷ ಕಾಯಬೇಕಲ್ಲ, ಆ ಮುಖ ಮುಂದಿನ ವಾರವೇ ಇನ್ನೊಮ್ಮೆ ಬಂದರೆ ಏನು ಗಂಟು ಹೋಗುತ್ತದೆ ಎಂದುಕೊಂಡೆ. ತೋಳನ್ನು ಬೇಕೆಂದೇ ಒಂದಿಂಚು ಗಿಡ್ಡ ಕತ್ತರಿಸಿದೆ. ಅಂಚಿನಲ್ಲೂ ಬಟ್ಟೆ ಬಿಡಲಿಲ್ಲ, ಮತ್ತೆ ಅಳತೆಗೆ ಬರಲೇಬೇಕು. ಅಕ್ಕನಿಗೆ ಹೇಳಿದಾಗ ಅವಳು ಚಿಕ್ಕ ಹುಡುಗಿಯಂತೆ ಬಾಯಿ ಮುಚ್ಚಿಕೊಂಡು ನಕ್ಕಳು. ಮುಂದಿನ ವಾರವೆಲ್ಲ ಇಸ್ತ್ರಿ ಬಟ್ಟೆ ಉಟ್ಟು, ಕೈಗಡಿಯಾರ ಕಟ್ಟಿ, ಪರದೆಯ ಹಿಂದೆ ಕೂತಳು.

ಫೋನು ಬಂತು. ಅಕ್ಕ ಓಡಿಬಂದು ಸ್ಪೀಕರ್ ಹಾಕಿದಳು.

"ಚಿಕ್ಕಮ್ಮ," ಎಂದಿತು ಆ ಸಣ್ಣ ದನಿ, "ತೋಳು ಗಿಡ್ಡ ಆಗಿತ್ತು. ಕ್ಲಾಸಲ್ಲಿ ಮತ್ತೆ ಆಡಿಕೊಂಡ್ರಂತೆ. ಅತ್ಕೊಂಡು ಬಂದ್ಲು. ಅವರಪ್ಪ ಯಾವ ದರಿದ್ರ ಟೈಲರ್ ಹತ್ರ ಹೋಗಿದ್ರಿ ಅಂತ ಬೈದು, ಅಂಗಡಿಯಿಂದ ರೆಡಿಮೇಡ್ ತಂದುಬಿಟ್ರು. ಇನ್ಮೇಲೆ ಹೊಲ್ಸೋದೇ ಬೇಡ ಅಂದಿದಾರೆ."

ಅಕ್ಕ ಪೆನ್ಸಿಲ್ ಕೈಯಲ್ಲೇ ಹಿಡಿದು ನಿಂತಿದ್ದಳು. "ಹೊಲ್ಸೋದೇ ಬೇಡ," ಎಂದು ತಿರುಗಿ ಹೇಳಿದಳು, ಅಳತೆ ಬರೆದುಕೊಳ್ಳುವವಳ ಹಾಗೆ.